ಬೀಟೆ ಗುಡ್ಡದಲ್ಲಿ, ಬಿರಡೆ ರಿಪ್ಪನ್‌ಪೇಟೆಯಲ್ಲಿ

ತೀರ್ಥಹಳ್ಳಿಯ ಕಡೆ ಕೂತು ಗಿಟಾರ್ ಮಾಡುತ್ತೇನೆ ಎಂದರೆ ಜನ ಮೊದಲು ಹೇಳುವ ಮಾತು, "ನಿಮಗೇನು ಬಿಡಿ, ಮರಕ್ಕೆ ಬರವಾ!"

ಬರವಿಲ್ಲ, ನಿಜ. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಬೀಟೆ, ಅಂದರೆ ರೋಸ್‌ವುಡ್ ಮರವೇ ನಿಂತಿದೆ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಯವರು 1969ರಲ್ಲಿ ಹಿಡಿದದ್ದು ಇದೇ ಭಾರತದ ಬೀಟೆಯನ್ನು. ಅಷ್ಟು ದೊಡ್ಡ ಮನೆತನದ ಮರ. ಆದರೆ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗಿಟಾರಿನ ಕತ್ತಿನ ಮೇಲೆ ಬೆರಳೊತ್ತುವ ಮೊಳದುದ್ದದ ಹಲಗೆಗಾಗಿ, ಅಂದರೆ ಫ್ರೆಟ್‌ಬೋರ್ಡಿಗಾಗಿ, ಮರ ಕಡಿಯುತ್ತೇನೆ ಎಂದು ಅರ್ಜಿ ಹಿಡಿದುಕೊಂಡು ಹೋಗಲು ನನಗೂ ನಾಚಿಕೆ. ಹಾಗಾಗಿ ಬೀಟೆಯ ನೆರಳಿನಲ್ಲಿ ಅಪ್ಪಯ್ಯ ಎಮ್ಮೆ ಕಟ್ಟುತ್ತಾರೆ, ನಾನು ಬೆಂಗಳೂರಿನಿಂದ ಬೀಟೆ ತರಿಸುತ್ತೇನೆ. ಕೊರಿಯರ್ ಖರ್ಚು ಬೇರೆ.

ಬೆನ್ನಿಗೆ, ಪಕ್ಕೆಗೆ ನಮ್ಮೂರಿನ ಆಚಾರ್ರು ಹಲಸು ಕೊಟ್ಟರು. "ವೀಣೆಗೇ ಆಗುತ್ತದೆ, ನಿಮ್ಮ ಗಿಟಾರಿಗೆ ಆಗಲ್ವಾ?" ಎಂದರು. ಅಲ್ಲಿಗೆ ಊರಿನ ಸಹಾಯ ಮುಗಿಯಿತು. ಮೇಲ್ಹಲಗೆಯ ಸ್ಪ್ರೂಸ್ ಚಳಿ ದೇಶದ ಮರ. ಆ ಹಲಗೆಯ ಗೀರುಗಳಲ್ಲಿ ಅಡ್ಡಕ್ಕೆ ಕೂರಿಸುವ ಫ್ರೆಟ್ ತಂತಿ, ಕತ್ತಿನೊಳಗೆ ಹಾಕುವ ಕಬ್ಬಿಣದ ಸರಳು, ತಂತಿ ಬಿಗಿಯುವ ಬಿರಡೆ, ಇವು ಯಾವುವೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವುದಿಲ್ಲ. ಇವನ್ನೆಲ್ಲ ಮಾರುವವರು ಎಲ್ಲೋ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಇರುತ್ತಾರೆ. ಮಾಲೀಕರು, ಗುಮಾಸ್ತರು, ಪ್ಯಾಕಿಂಗ್ ಹುಡುಗ, ಎಲ್ಲಾ ಒಬ್ಬರೇ.

ನನಗೆ ಸಿಕ್ಕವರು ರಾತ್ರಿ ಹತ್ತರ ಮೇಲೆ ಮಾತ್ರ ವಾಟ್ಸಾಪ್ ನೋಡುವವರು. ದುಡ್ಡು ಕೊಟ್ಟರೆ ಸಾಲದು, ಪರೀಕ್ಷೆಯೂ ಪಾಸಾಗಬೇಕು. "ಬ್ರೇಸಿಂಗ್ ಫೋಟೋ ಹಾಕಿ ಸಾರ್, ನೋಡೋಣ." ಬ್ರೇಸಿಂಗ್ ಅಂದರೆ ಹಲಗೆಯ ಒಳಮೈಗೆ ಬಲಕ್ಕೆಂದು ಅಂಟಿಸುವ ಮರದ ಪಟ್ಟಿಗಳು. ಹಾಕಿದೆ. "ಯಾವ ಅಂಟು?" ಹೇಳಿದೆ. "ಮಳೆಗಾಲದಲ್ಲಿ ಅಂಟಿಸಿದಿರಾ? ನಿಮ್ಮ ಕಡೆ? ಹಾಗಾದರೆ ನಾನು ಸ್ಪ್ರೂಸ್ ಕೊಡಲ್ಲ." ಹೆಣ್ಣು ಕೇಳಲು ಹೋದವರಿಗೂ ಇಷ್ಟು ಪ್ರಶ್ನೆ ಎದುರಾಗಲಿಕ್ಕಿಲ್ಲ.

ಅವರು ಹೇಳಿದ್ದು ಸರಿಯೇ. ಗಿಟಾರ್ ಮಾಡುವ ಕೋಣೆಯ ಗಾಳಿಯಲ್ಲಿ ತೇವ ನೂರಕ್ಕೆ 45ರಿಂದ 50 ಇದ್ದರೆ ಒಳ್ಳೆಯದು. ನಮ್ಮದು ಆಗುಂಬೆಯ ಮಗ್ಗುಲು. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಹೊಡೆಯುವ ಊರಿನ ಪಕ್ಕ ಇದ್ದುಕೊಂಡು 45 ಎಲ್ಲಿಂದ ತರುವುದು? ಆಷಾಢದಲ್ಲಿ ನನ್ನ ಮೀಟರ್ 90 ದಾಟಿ ಅಲ್ಲೇ ಕೂತಿರುತ್ತದೆ. ತೇವ ಕುಡಿದ ಹಲಗೆ ಅಡ್ಡಕ್ಕೆ ಉಬ್ಬುತ್ತದೆ. ಆಗ ಅದಕ್ಕೆ ಪಟ್ಟಿ ಅಂಟಿಸಿಬಿಟ್ಟರೆ ಬೇಸಿಗೆಯಲ್ಲಿ ಕುಗ್ಗಲು ಜಾಗ ಸಿಗದೆ ಟಪ್ಪನೆ ಸೀಳುತ್ತದೆ. ಅದಕ್ಕೇ ನಾನು ಪಟ್ಟಿ ಅಂಟಿಸಿದ್ದು ಪ್ಲೈವುಡ್ ಪೆಟ್ಟಿಗೆಯಲ್ಲಿ ಬಲ್ಬ್ ಉರಿಸಿ, ಹಲಗೆಯನ್ನು ಬೆಚ್ಚಗಿಟ್ಟ ಮೇಲೆ. ಕರೆಂಟು ಹೋದಾಗ ಅದನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಸಾಗಿಸುತ್ತಿದ್ದೆ.

"ನಿನ್ನ ಹಲಗೆಗೆ ಮೀಯಲಿಕ್ಕೂ ಬಿಸಿನೀರು ಬೇಕನಾ?" ಎಂದು ಅಮ್ಮ ಕೇಳಿದರು. ಹಲಗೆಗೆ ಇವತ್ತಿಗೂ ಸ್ವಲ್ಪ ಹೊಗೆಯ ವಾಸನೆ ಇದೆ. ಪೆಟ್ಟಿಗೆಯ ಫೋಟೋ ನೋಡಿದ ಮೇಲೆಯೇ ಮಹಡಿಯವರು ಒಲಿದದ್ದು.

ಫ್ರೆಟ್‌ಬೋರ್ಡಿನ ಗೀರುಗಳಿಗೆ ಒಂದು ಲೆಕ್ಕವಿದೆ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ಬರಬೇಕು. ನಾನು ಕೇಳಿದ್ದು 648 ಮಿಲಿಮೀಟರ್ ಸ್ಕೇಲಿಗೆ, ಅಂದರೆ ಅಷ್ಟು ತಂತಿಯುದ್ದಕ್ಕೆ, ಗೀರು ಕೊರೆದ ಹಲಗೆ. ಪಾರ್ಸೆಲ್ ಬಿಚ್ಚಿ ಅಳೆದರೆ ಹನ್ನೆರಡನೇ ಗೀರು 324ರ ಬದಲು 314ರಲ್ಲಿದೆ. ಅಂದರೆ 628ರ ಹಲಗೆ.

ರಾತ್ರಿ ಹತ್ತಾಗಲು ಕಾದು ಫೋನು ಮಾಡಿದೆ.

"628 ಬಂತಾ? ಒಳ್ಳೇದೇ ಆಯ್ತು ಸಾರ್. ತಂತಿ ಬಿಗಿ ಕಡಿಮೆ ಆಗುತ್ತೆ. ನಿಮ್ಮ ಬೆರಳಿಗೆ ಅದೇ ಸರಿ."

"ನನ್ನ ಬೆರಳು ನೀವು ಯಾವಾಗ ನೋಡಿದಿರಿ?"

"ಫೋಟೋದಲ್ಲಿ ಕಾಣಿಸ್ತಲ್ಲ!"

ಬದಲಿಸಿ ಕೊಡುತ್ತಾರಂತೆ. ಗೀರು ಕೊರೆಯುವ ಬ್ಲೇಡು ಮಂಗಳವಾರ ಬರುತ್ತದಂತೆ. ಯಾವ ಮಂಗಳವಾರ ಎಂಬುದು ಅವರ ಬಾಯಿಂದ ಹೊರಡಲಿಲ್ಲ. ಕೊನೆಗೆ 628ನ್ನೇ ಇಟ್ಟುಕೊಂಡೆ. ತಂತಿ ಗಿಡ್ಡವಾದರೆ ಮೇಲ್ಹಲಗೆಯ ಮೇಲೆ ತಂತಿಯ ತುದಿ ಹಿಡಿದಿಡುವ ಬ್ರಿಜ್ ಕೂಡ ಕತ್ತಿನ ಕಡೆ ಸುಮಾರು 9 ಮಿಲಿಮೀಟರ್ ಸರಿಯಬೇಕು. ಅದರ ಅಡಿಯ ಪಟ್ಟಿಯನ್ನು ಆಗಲೇ ಅಂಟಿಸಿಯಾಗಿತ್ತು. ಬಿಸಿ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಿ, ಸರಿಸಿ, ಮತ್ತೆ ಅಂಟಿಸಿದೆ. ಆಗ ನಾನು ಆಡಿದ ಮಾತುಗಳು ಇಲ್ಲಿ ಬೇಡ.

ಆಮೇಲೆ ಬಿರಡೆ ಬಂದವು. ಎಡಕ್ಕೆ ಮೂರು, ಬಲಕ್ಕೆ ಮೂರು ಇರಬೇಕು. ಬಂದದ್ದು ಬಲದ್ದು ನಾಲ್ಕು, ಎಡದ್ದು ಎರಡು. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಈ ಸಲ ಮಹಡಿಯವರು ಸ್ವಲ್ಪವೂ ಗಾಬರಿಯಾಗಲಿಲ್ಲ.

"ನಿಮ್ಮ ಎಡದ್ದು ಸಾಗರದ ಒಬ್ಬರಿಗೆ ಹೋಗಿದೆ ಸಾರ್. ಅವರ ಹತ್ತಿರ ಎಡ ನಾಲ್ಕು, ಬಲ ಎರಡು ಇದೆ. ಸುಮ್ನೆ ಕೊರಿಯರ್ ಯಾಕೆ? ನಿಮಗೆ ಹತ್ತಿರ ಅಲ್ವಾ?"

ಬೆಂಗಳೂರಿನ ಮಹಡಿಯಿಂದ ನೋಡಿದರೆ ತೀರ್ಥಹಳ್ಳಿಗೆ ಸಾಗರ ಆಚೆಮನೆ. ಆ ಸಾಗರದವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಇಬ್ಬರಿಗೂ ನಡುವೆ ಆಗುತ್ತದೆಂದು ರಿಪ್ಪನ್‌ಪೇಟೆಯ ಒಂದು ಹೋಟೆಲಿನಲ್ಲಿ ಸೇರಿದೆವು. ಬನ್ಸ್ ತಿಂದು, ಕೈ ತೊಳೆದು, ಮೇಜಿನ ಮೇಲೆ ಇಬ್ಬರ ಬಿರಡೆಗಳನ್ನೂ ಸುರುವಿಕೊಂಡು "ಇದು ಎಡ, ಇದು ಬಲ" ಎಂದು ವಿಂಗಡಿಸಿದೆವು. ಹೋಟೆಲಿನವರು ಬಂದು ಬಗ್ಗಿ ನೋಡಿದರು.

"ಎಂಥದು ಮಾರಾಯ್ರೆ ಇದು, ನಲ್ಲಿಯಾ?"

ಒಂದು ಕೊಟ್ಟು ಒಂದು ತೆಗೆದುಕೊಂಡೆ. ಅಷ್ಟಕ್ಕೇ ಇಬ್ಬರೂ ಬಸ್ಸು ಹತ್ತಿ ಬಂದದ್ದು. ಕಾಫಿ ಕುಡಿಯುತ್ತಾ, ಮಾತಿಗೆ ಇರಲಿ ಎಂದು, "ನಿಮ್ಮದು ಎಷ್ಟರ ಸ್ಕೇಲು ಮೇಷ್ಟ್ರೇ?" ಎಂದು ಕೇಳಿದೆ.

"ನಾನು ಕೇಳಿದ್ದು 628. ಬಂದದ್ದು 648. ಉದ್ದ ಇದ್ದರೆ ನಾದ ಗಟ್ಟಿ, ನಿಮ್ಮ ಬೆರಳಿಗೆ ಅದೇ ಸರಿ ಅಂದ್ರು. ಪಟ್ಟಿ ಕಿತ್ತು 9 ಮಿಲಿಮೀಟರ್ ಹಿಂದಕ್ಕೆ ತಳ್ಳಿದೆ. ಫ್ರೆಟ್‌ಬೋರ್ಡ್ ಅಂಟಿಸಿಯೂ ಆಯ್ತು."

ನಾನೂ ಅಂಟಿಸಿಯಾಗಿತ್ತು. ರಾತ್ರಿ ಹತ್ತಾದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಮಹಡಿಯವರಿಗೆ ವಿಷಯ ತಿಳಿಸಿದೆವು. ಇಬ್ಬರಿಗೂ ಒಂದೇ ಉತ್ತರ ಬಂತು.

"ಪರಿಚಯ ಆಯ್ತಲ್ಲ ಸಾರ್. ಇನ್ನು ಮೇಲೆ ಇಬ್ಬರದ್ದೂ ಒಂದೇ ಪಾರ್ಸೆಲ್‌ನಲ್ಲಿ ಕಳಿಸ್ತೀನಿ. ರಿಪ್ಪನ್‌ಪೇಟೆ ಪಿನ್‌ಕೋಡ್ ಹಾಕಿ."