ಹೊಟ್ಟೆಯ ಅಚ್ಚು

ಮುರಿದ ಮೂಳೆ ಅಲುಗಾಡದಿರಲಿ ಎಂದು 1851ರಲ್ಲಿ ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸೆನ್ ಬಟ್ಟೆಪಟ್ಟಿಗೆ ಪ್ಲಾಸ್ಟರ್ ಪುಡಿ ತಿಕ್ಕಿ, ನೀರು ಹಾಕಿ ಸುತ್ತುವ ಉಪಾಯ ಹುಡುಕಿದ. ಮುಂದೊಂದು ದಿನ ಜನ ಅದೇ ಪಟ್ಟಿಯನ್ನು ತುಂಬು ಬಸುರಿಯ ಹೊಟ್ಟೆಗೆ ಹಚ್ಚಿ ಅಚ್ಚು ತೆಗೆದಾರು ಎಂದರೆ ಆ ಮಹಾಶಯ ನಂಬುತ್ತಿದ್ದನೋ ಇಲ್ಲವೋ. ಅಲುಗಾಡಬೇಡ ಎಂದು ಹೇಳಲೆಂದೇ ಹುಟ್ಟಿದ ಪಟ್ಟಿ ಅದು. ಇಲ್ಲಿ ಒಳಗಿರುವವರೋ ಯಾರ ಮಾತನ್ನೂ ಕೇಳುವ ಪೈಕಿಯಲ್ಲ.

ಕೆಲಸ ದೊಡ್ಡದೇನಲ್ಲ. ನೆಲಕ್ಕೆ ಹಳೇ ಬೆಡ್‌ಶೀಟು, ಉಗುರುಬೆಚ್ಚಗಿನ ನೀರು, ಕತ್ತರಿಸಿಟ್ಟ ಪಟ್ಟಿಗಳು. ಆದರೆ ಪೆಟ್ರೋಲಿಯಂ ಜೆಲ್ಲಿಯ ವಿಷಯದಲ್ಲಿ ಜಿಪುಣತನ ಮಾಡಿದರೆ ಕೆಟ್ಟಿತು. ಹೊಕ್ಕುಳಲ್ಲಿ, ಅದರ ಕೆಳಗಿನ ಸಣ್ಣ ಕೂದಲಿನ ಸಾಲಿನಲ್ಲಿ ಧಾರಾಳವಾಗಿ ಮೆತ್ತಬೇಕು. ಇಲ್ಲದಿದ್ದರೆ ಅಚ್ಚು ಬಿಡಿಸುವ ಹೊತ್ತಿಗೆ ಗಂಡನಾದವನು ಎಷ್ಟು ಬೈಗುಳ ತಿನ್ನಬಹುದೆಂದು ಹೇಳಲಾಗದು.

ಹೇಗೆ ಕೂರಬೇಕು ಎನ್ನುವುದರಲ್ಲಿ ನನ್ನದು ಹಟ: ಕುರ್ಚಿಯಲ್ಲಿ ಸ್ವಲ್ಪ ಒರಗಿ. ಅಂಗಾತ ಮಲಗಿದರೆ ಗರ್ಭದ ಭಾರ ಬೆನ್ನ ಬಳಿಯ ದೊಡ್ಡ ರಕ್ತನಾಳವನ್ನು ಅದುಮಿ ತಲೆಸುತ್ತು ಬರಬಹುದು. ಅದಲ್ಲದೆ, ಮಲಗಿದ ಹೊಟ್ಟೆ ಪಕ್ಕಕ್ಕೆ ಹರಡಿಕೊಂಡು, ಎಲ್ಲರೂ ಕಂಡ ಆ ಗುಂಡು ಆಕಾರವೇ ತಪ್ಪಿಹೋಗುತ್ತದೆ.

ಮೂರು ನಾಲ್ಕು ಪದರ ಹಚ್ಚಿದ ಮೇಲೆ ಹೊಟ್ಟೆ ಬೆಚ್ಚಗಾಗತೊಡಗುತ್ತದೆ. ಗಾಬರಿ ಬೇಡ. ಜಿಪ್ಸಮ್ ಕಲ್ಲನ್ನು ಕಾಯಿಸಿ, ಅದರೊಳಗಿನ ಬಹುಪಾಲು ನೀರನ್ನು ಓಡಿಸಿದ್ದೇ ಈ ಪುಡಿ. ಕಳಕೊಂಡ ನೀರು ಮತ್ತೆ ಸಿಕ್ಕಾಗ ಅದು ಮರಳಿ ಕಲ್ಲಾಗುತ್ತಾ, ಅಂದು ಕುಡಿದ ಕಾವನ್ನು ಹೊರಗೆ ಬಿಡುತ್ತದೆ. ತೆಳು ಪಟ್ಟಿಗಳಲ್ಲಿ ಅದು ಹಿತವಾದ ಬಿಸಿ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ದಪ್ಪಗೆ ಸುರಿಯುವ ಸಾಹಸ ಮಾತ್ರ ಕೂಡದು, ಚರ್ಮ ಸುಟ್ಟೀತು. ಈ ಹೊತ್ತಿಗೇ ಒಳಗಿನಿಂದ ಒಂದು ಒದೆ ಬೀಳುವುದೂ ಉಂಟು. ಇನ್ನೂ ಹಸಿಯಾಗಿರುವ ಪ್ಲಾಸ್ಟರ್ ಒಂದು ಕಡೆ ಮೆಲ್ಲಗೆ ಉಬ್ಬಿ, ಮತ್ತೆ ಇಳಿಯುತ್ತದೆ. ಹಚ್ಚುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ.

ಸುಮಾರು ಅರ್ಧ ಗಂಟೆಗೆ ಅಂಚುಗಳು ತಾವಾಗಿಯೇ ಸಡಿಲಾಗುತ್ತವೆ. ಹೊಟ್ಟೆ ಕುಲುಕಿಸಿ, ಮುಂದಕ್ಕೆ ಬಾಗಿದರೆ ಅಚ್ಚು ಕೈಗೆ ಬರುತ್ತದೆ. ಅದನ್ನು ಕನಿಷ್ಠ ಒಂದು ದಿನ ಒಣಗಲು ಬಿಡಬೇಕು. ಪ್ಲಾಸ್ಟರ್ ನೀರನ್ನು ದಯವಿಟ್ಟು ಸಿಂಕಿಗೆ ಚೆಲ್ಲಬೇಡಿ, ಪೈಪಿನೊಳಗೂ ಅದು ಕಲ್ಲಾಗುತ್ತದೆ.

ಆಮೇಲೆ ಶುರು ಬಣ್ಣದ ಕಾಟ. ಹೂವು, ಚಿಟ್ಟೆ, ಚಂದ್ರ, ಮಿನುಗುಪುಡಿ. ಬೇಡವೆನ್ನಲು ನಾನ್ಯಾರು? ಆದರೆ ಎಲ್ಲರೂ ಹೊರಗಡೆಗೆ ಬಣ್ಣ ಬಳಿಯುತ್ತಾರೆ, ಒಳಗಡೆ ತಿರುಗಿಸಿ ನೋಡುವವರು ಕಮ್ಮಿ. ಹೊರಮೈ ಹಚ್ಚಿದವರ ಬೆರಳುಗಳದ್ದು. ಅವಳದ್ದು ಇರುವುದು ಒಳಮೈಯಲ್ಲಿ. ಪ್ಲಾಸ್ಟರ್ ಗಟ್ಟಿಯಾಗುವಾಗ ಕುಗ್ಗುವ ಬದಲು ಕೂದಲೆಳೆಯಷ್ಟು ಹಿಗ್ಗುವುದರಿಂದ, ಮೊದಲ ಪದರವನ್ನು ಚೆನ್ನಾಗಿ ಸವರಿದ್ದರೆ ಸಣ್ಣ ಮಡಿಕೆಗಳೂ ಮೂಡುತ್ತವೆ. ಹೊರಗೆ ಚಾಚಿದ ಹೊಕ್ಕುಳು ಅಲ್ಲಿ ಪುಟ್ಟ ಗುಳಿ. ಹೊಟ್ಟೆಯ ನಡುವಿನ ಕಪ್ಪು ಗೆರೆ ಮಾತ್ರ ಬರುವುದಿಲ್ಲ, ಬಣ್ಣ ಅಚ್ಚಿಗೆ ಸಿಗುವ ಸರಕಲ್ಲ.

ಇಡುವುದೆಲ್ಲಿ ಎಂಬುದು ಬೇರೆಯೇ ತಲೆನೋವು. ಹಾಲಿನ ಗೋಡೆಗೆ ಹಾಕಿದರೆ ಬಂದವರಿಗೆಲ್ಲ ವಿವರಣೆ ಕೊಡಬೇಕು, ಅಟ್ಟಕ್ಕೆ ಹಾಕಿದರೆ ತೇವ ತಾಗಿ ಪುಡಿ ಉದುರುತ್ತದೆ. ಮಗು ಹುಟ್ಟಿದ ಮೇಲೆ ಅದನ್ನೇ ಆ ಅಚ್ಚಿನೊಳಗೆ ಮಲಗಿಸಿ ಫೋಟೋ ತೆಗೆಯುವವರಿದ್ದಾರೆ. ಹಾಗೆ ಮಾಡುವುದಾದರೆ ಮೆತ್ತನೆ ಬಟ್ಟೆ ಹಾಸಿ, ಒಂದು ಕೈ ಮಗುವಿನ ಮೇಲೇ ಇರಲಿ. ಅಷ್ಟಾದರೂ ಕೆಲವು ಕೂಸುಗಳು ಒಳಗಿಟ್ಟ ಕೂಡಲೇ ಕಾಲು ಝಾಡಿಸಿ ಸೂರು ಹಾರುವಂತೆ ಕಿರುಚಿ, ಕ್ಯಾಮೆರಾ ಹಿಡಿದವರನ್ನೇ ಸುಸ್ತು ಮಾಡುತ್ತವೆ.