ನಾಯಿಗೆ ಏನು ಹಾಕುತ್ತೀರಿ ಎಂದು ಮೊದಲು ಕೇಳಬೇಕು

ನಮ್ಮ ನಾಯಿ ಕೆಂಪನ ವಿಮೆಯ ನವೀಕರಣ ಪತ್ರ ಕಳೆದ ತಿಂಗಳು ಬಂದಿತು. ಕಂತು ಏರಿರುವುದು ಪ್ರತಿ ವರ್ಷದ ಮಾತು, ಅದಕ್ಕೆ ಮನಸ್ಸು ಸಿದ್ಧವಾಗಿತ್ತು. ಆದರೆ ಎರಡನೆಯ ಪುಟದಲ್ಲಿ, ಹೊಟ್ಟೆ ಮತ್ತು ಕರುಳಿನ ಎಲ್ಲ ತೊಂದರೆಗಳನ್ನೂ ಗುದದ ಪಕ್ಕದ ಗ್ರಂಥಿಗಳ ತೊಂದರೆಯನ್ನೂ ‘ಮೊದಲಿನಿಂದ ಇರುವ ಕಾಯಿಲೆ’ ಎಂದು ಪರಿಗಣಿಸಿ, ಅವುಗಳ ಖರ್ಚನ್ನು ಇನ್ನು ಮುಂದೆ ಕೊಡಲಾಗದು ಎಂದು ಬರೆದಿದ್ದರು. ಕೆಂಪನಿಗೆ ಇರುವುದು ಆ ಎರಡೇ ಕಾಯಿಲೆ. ಕಾಕರ್ ಸ್ಪ್ಯಾನಿಯಲ್ ಜಾತಿಯ ಈ ಪ್ರಾಣಿಗೆ ಎಳೆಯ ವಯಸ್ಸಿನಿಂದಲೂ ಆಗಾಗ ಹೊಟ್ಟೆ ಕೆಡುತ್ತದೆ, ಅದರ ಬೆನ್ನಿಗೇ ಗ್ರಂಥಿ ತುಂಬಿಕೊಂಡು ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಾ ತೆವಳುತ್ತದೆ. ಕೊಳೆತ ಮೀನಿನಂಥ ಆ ವಾಸನೆ ಒಮ್ಮೆ ಸೋಫಾಕ್ಕೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ನಾನಿರುವ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಪಶುವೈದ್ಯರನ್ನು ಒಮ್ಮೆ ಕಾಣಬೇಕಾದರೆ 50 ಪೌಂಡಿನ ಆಸುಪಾಸು ತೆರಬೇಕು. ಗ್ರಂಥಿ ಹಿಂಡುವುದಕ್ಕೆ, ಮಾತ್ರೆಗೆ, ಮಲಪರೀಕ್ಷೆಗೆ ಬೇರೆ ಬೇರೆ ದರ. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಭೇಟಿಗಳ ಕ್ರಮ. ಭೇದಿಯಾದಾಗ ಹೋದರೆ ಭೇದಿಗೆ ಔಷಧ, ಗ್ರಂಥಿ ತುಂಬಿದಾಗ ಹೋದರೆ ಗ್ರಂಥಿಗೆ ಉಪಚಾರ. ಪ್ರತಿ ಸಲವೂ ಹೊಸ ವೈದ್ಯರು, ಹತ್ತು ಹದಿನೈದು ನಿಮಿಷದ ಸಮಯ. ಕೆಂಪ ಏನು ತಿನ್ನುತ್ತಾನೆ ಎಂಬ ಪ್ರಶ್ನೆಗೆ ಆಹಾರದ ಚೀಲದ ಹೆಸರು ಹೇಳಿದರೆ ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಕೊನೆಗೆ ಸೂಚಿಸಿದ್ದು ಆಸ್ಪತ್ರೆಯಲ್ಲೇ ಮಾರುವ ವಿಶೇಷ ಆಹಾರ; ಅದರ ದೊಡ್ಡ ಚೀಲಕ್ಕೆ 80 ಪೌಂಡಿಗೂ ಮೇಲೆ.

ಹೋದ ಬೇಸಿಗೆಯಲ್ಲಿ ಹಾಸನ ಜಿಲ್ಲೆಯ ತಂಗಿಯ ಮನೆಗೆ ಹೋದಾಗ ಅವಳ ಪೊಮೆರೇನಿಯನ್ ಮಿಶ್ರತಳಿಯ ನಾಯಿಗೂ ಅದೇ ಕಾಟ ಶುರುವಾಗಿತ್ತು. ನಾವು ಅದನ್ನು ತಾಲ್ಲೂಕಿನ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಎಮ್ಮೆಯೊಂದಕ್ಕೆ ಗರ್ಭ ಪರೀಕ್ಷೆ ಮುಗಿಸಿ ಕೈ ತೊಳೆಯುತ್ತಿದ್ದ ಡಾಕ್ಟರು, ನಾಯಿಯನ್ನು ಮುಟ್ಟುವುದಕ್ಕೂ ಮೊದಲು, ‘ಏನಮ್ಮಾ ಹಾಕ್ತೀರಿ ಇದಕ್ಕೆ, ಬೆಳಗ್ಗೆಯಿಂದ ಹೇಳಿ’ ಎಂದರು. ಅನ್ನ ಮೊಸರು ಎಂದು ತಂಗಿ ಶುರುಮಾಡಿದಳು. ಅಷ್ಟಕ್ಕೆ ಅವರು ಬಿಡಲಿಲ್ಲ. ಕಾಫಿಯ ಹೊತ್ತಿಗೆ ಏನು, ಮಕ್ಕಳು ಸ್ಕೂಲಿನಿಂದ ಬಂದಮೇಲೆ ಏನು, ಪಕ್ಕದ ಮನೆಯವರು ಏನು ಕೊಡುತ್ತಾರೆ ಎಂದು ಒಂದೊಂದಾಗಿ ಕೆದಕಿದಾಗ ಹಾಲು, ರಸ್ಕು, ಕ್ರೀಮ್ ಬಿಸ್ಕತ್ತು, ಕೊಬ್ಬರಿ ಮಿಠಾಯಿ ಎಲ್ಲ ಹೊರಬಂದವು. ಹಾಲು, ಬಿಸ್ಕತ್ತು ಪೂರ್ತಿ ನಿಲ್ಲಿಸಿ, ಅನ್ನದ ಜೊತೆ ಉಪ್ಪು ಹಾಕದೆ ಬೇಯಿಸಿದ ಸಿಹಿಗುಂಬಳ ಕಲಸಿ ಕೊಡಿ, ಮಲ ಗಟ್ಟಿಯಾದರೆ ಗ್ರಂಥಿಯ ಚೀಲ ತಾನಾಗಿಯೇ ಖಾಲಿಯಾಗುತ್ತದೆ ಎಂದರು. ಕೊಟ್ಟ ಹಣ ನಮ್ಮ ಆಟೋ ಚಾರ್ಜಿಗಿಂತ ಕಡಿಮೆ.

ಅವರು ಒಂದೇ ವಾಕ್ಯದಲ್ಲಿ ಹೇಳಿದ್ದು ಈ ಕಾಯಿಲೆಯ ತಿರುಳು. ನಾಯಿಯ ಗುದದ್ವಾರದ ಎರಡೂ ಬದಿಗೆ, ಗಡಿಯಾರದ ಮುಖದಲ್ಲಿ ನಾಲ್ಕು ಮತ್ತು ಎಂಟು ಗಂಟೆಯ ಜಾಗದಲ್ಲಿ, ಒಂದೊಂದು ಪುಟ್ಟ ಚೀಲ ಇರುತ್ತದೆ. ಗಟ್ಟಿಯಾದ ಮಲ ಹೊರಬರುವಾಗ ಅದರ ಒತ್ತಡಕ್ಕೆ ಚೀಲದೊಳಗಿನ ದ್ರವ ಹೊರಬೀಳಬೇಕು. ಮಲ ಸಡಿಲವಾಗಿದ್ದರೆ ಆ ಒತ್ತಡವೇ ಹುಟ್ಟುವುದಿಲ್ಲ. ದ್ರವ ಉಳಿದು ಮಂದವಾಗುತ್ತದೆ, ನಾಳ ಕಟ್ಟುತ್ತದೆ, ಸೋಂಕು ತಗುಲಿದರೆ ಕೀವುಗಟ್ಟಿ ಒಡೆಯುತ್ತದೆ. ಹಾಗಾಗಿ ಹೊಟ್ಟೆಯನ್ನು ಸರಿಪಡಿಸದೆ ಚೀಲವನ್ನು ಎಷ್ಟು ಸಲ ಹಿಂಡಿದರೂ ಅದು ಮತ್ತೆ ತುಂಬುತ್ತದೆ. ಮೈ ತೂಕ ಹೆಚ್ಚಾಗುವುದೂ ಆಹಾರದ ಅಲರ್ಜಿಯೂ ಇದಕ್ಕೆ ಸೇರಿಕೊಳ್ಳುತ್ತವೆ.

ಲೆಸ್ಟರಿಗೆ ಮರಳಿದ ಮೇಲೆ ನಮ್ಮ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆವು. ಕೆಂಪನ ಬಾಯಿಗೆ ಬಿದ್ದದ್ದೆಲ್ಲ ಒಂದು ಕಡೆ, ಆ ದಿನದ ಮಲ ಹೇಗಿತ್ತು ಎಂಬುದು ಇನ್ನೊಂದು ಕಡೆ. ಹಲ್ಲು ಶುಚಿಯಾಗಲೆಂದು ಅಂಗಡಿಯಲ್ಲಿ ಮಾರುವ ಅಗಿಯುವ ಕಡ್ಡಿ ಮತ್ತು ಚೀಸು ಬಿದ್ದ ದಿನದ ಮರುದಿನವೇ ಹೊಟ್ಟೆ ಕೆಡುವುದು ಆ ಹಾಳೆಯಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಎರಡನ್ನೂ ಬಿಡಿಸಿದೆವು. ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ಇಸಬ್‌ಗೋಲಿನ ಡಬ್ಬಿ ಸುಲಭದ ಬೆಲೆಗೆ ಸಿಗುತ್ತದೆ. ಮಲ ಗಟ್ಟಿಯಾಗಲೆಂದು ಅದರ ಅರ್ಧ ಚಮಚವನ್ನು ಸಾಕಷ್ಟು ನೀರಿನಲ್ಲಿ ನೆನೆಸಿ ಅದು ಲೋಳೆಯಾದ ಮೇಲೆ ಊಟಕ್ಕೆ ಕಲಸುತ್ತೇವೆ; ಒಣಗಿದ್ದನ್ನು ಹಾಗೇ ಹಾಕಬಾರದು. ಗ್ರಂಥಿ ತುಂಬಿದರೆ ಡಾಕ್ಟರ ಬದಲು ನರ್ಸಿನ ಸಮಯ ಕೇಳಿ ಪಡೆಯುತ್ತೇವೆ, ಅದಕ್ಕೆ ಅರ್ಧಕ್ಕಿಂತ ಕಡಿಮೆ ಖರ್ಚು. ಔಷಧ ಬೇಕಾದಾಗ ಚೀಟಿ ಬರೆಸಿಕೊಂಡು ಹೊರಗಿನ ಔಷಧದಂಗಡಿಯಲ್ಲಿ ಕೊಳ್ಳುತ್ತೇವೆ. ಚೀಟಿ ಕೇಳಿದರೆ ವೈದ್ಯರು ಇಲ್ಲ ಎನ್ನುವಂತಿಲ್ಲ, ಆದರೆ ಕೇಳದವರಿಗೆ ಅದನ್ನು ಎಷ್ಟು ಜನ ಹೇಳುತ್ತಾರೆ? ಭೇದಿ ಪದೇ ಪದೇ ಬಂದರೆ ಮೂರು ದಿನದ ಮಲವನ್ನು ಸೇರಿಸಿ ಒಂದೇ ಪರೀಕ್ಷೆಗೆ ಕೊಡುವುದು ಲಾಭ, ಏಕೆಂದರೆ ಜಿಯಾರ್ಡಿಯಾದಂಥ ಪರೋಪಜೀವಿ ಒಂದು ದಿನ ಕಂಡು ಇನ್ನೊಂದು ದಿನ ಕಾಣದೆ ಹೋಗುತ್ತದೆ. ಕೆಂಪ ಪೂರ್ತಿ ಗುಣವಾಗಿಲ್ಲ, ಆದರೆ ನರ್ಸಿನ ಬಳಿ ಹೋಗುವ ಸಂದರ್ಭಗಳು ಬಹಳ ಕಡಿಮೆಯಾಗಿವೆ.

ಇಲ್ಲಿನ ವೈದ್ಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ವ್ಯವಸ್ಥೆ ಅವರನ್ನು ಅವಸರಕ್ಕೆ ತಳ್ಳಿದೆ. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು 2023ರ ಸೆಪ್ಟೆಂಬರಿನಲ್ಲಿ ಪಶುವೈದ್ಯ ಸೇವೆಗಳ ಪರಿಶೀಲನೆ ಆರಂಭಿಸಿತು. 2013ರಲ್ಲಿ ಶೇ. 10ರಷ್ಟು ಚಿಕಿತ್ಸಾಲಯಗಳು ಮಾತ್ರ ದೊಡ್ಡ ಕಂಪನಿಗಳ ಕೈಯಲ್ಲಿದ್ದರೆ ಈಗ ಅದು ಶೇ. 60ರ ಹತ್ತಿರ ಬಂದಿದೆ ಎಂದು ಅದೇ ಪ್ರಾಧಿಕಾರ ಹೇಳಿತು. ಬಡವರ ಸಾಕುಪ್ರಾಣಿಗಳಿಗೆ ಧರ್ಮಾರ್ಥ ಸಂಸ್ಥೆಗಳಿವೆ ನಿಜ, ಆದರೆ ಅವುಗಳ ಹೆಚ್ಚಿನ ನೆರವು ಸರಕಾರಿ ಭತ್ಯೆ ಪಡೆಯುವವರಿಗೆ ಮೀಸಲು. ಸಂಬಳದಲ್ಲಿ ಹೇಗೋ ತಿಂಗಳು ದೂಡುವ ನಮ್ಮಂಥವರು ಎರಡಕ್ಕೂ ಸಲ್ಲದೆ ನಡುವೆ ಉಳಿಯುತ್ತೇವೆ. ಊರಿನ ಪಶು ಆಸ್ಪತ್ರೆಗಳು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆಲ್ಲ ಸಾಮಾನ್ಯರಿಗೆ ಎಷ್ಟು ದೊಡ್ಡ ಆಸರೆ ಎಂಬುದು ದೂರದಲ್ಲಿದ್ದಾಗ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ತಂಗಿಯ ನಾಯಿಗೆ ಗ್ರಂಥಿಯ ಪರೀಕ್ಷೆ ಆಗಲಿಲ್ಲ, ಆ ಡಾಕ್ಟರ ಬಾಗಿಲಲ್ಲಿ ದನ ಕರುಗಳ ಸಾಲು ಇತ್ತು. ಲೆಸ್ಟರಿನ ವೈದ್ಯರು ಮಾತ್ರ ಪ್ರತಿ ಸಲ ಕೈಗವಸು ಹಾಕಿಕೊಂಡು, ಬೆರಳು ಒಳಗಿಟ್ಟು ಎರಡೂ ಚೀಲಗಳನ್ನು ತಡವಿ ನೋಡುತ್ತಾರೆ. ಗಂಟು ಇದೆಯೇ ಎಂದು ಅವರು ಹುಡುಕುವುದು ಸುಮ್ಮನೆ ಅಲ್ಲ. ವಯಸ್ಸಾದ ನಾಯಿಗಳಲ್ಲಿ, ಅದರಲ್ಲೂ ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ, ಈ ಗ್ರಂಥಿಗೆ ಕ್ಯಾನ್ಸರ್ ಬರುವುದುಂಟು, ಹೊರಗೆ ಏನೂ ಕಾಣುವ ಮೊದಲೇ ಅದು ಬೆರಳಿಗೆ ಸಿಗಬಹುದು. ನಮ್ಮ ಕಡೆ ನಾಯಿ ಹಿಂಭಾಗ ಉಜ್ಜಿತೆಂದರೆ ಜಂತುಹುಳು ಎಂದು ತೀರ್ಮಾನಿಸಿ ಮಾತ್ರೆ ನುಂಗಿಸಿ ಮುಗಿಸುವವರೇ ಹೆಚ್ಚು. ಈರುಳ್ಳಿ ಹಾಕಿದ ಹುಳಿ, ಸಾರು ಉಳಿದರೆ ನಾಯಿಯ ತಟ್ಟೆಗೆ ಸುರಿಯುವುದೂ ಉಂಟು. ಈರುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳುಮಾಡುತ್ತದೆ. ಅನ್ನ ಮತ್ತು ಕುಂಬಳ ಹೊಟ್ಟೆ ಕೆಟ್ಟ ನಾಲ್ಕು ದಿನಕ್ಕೆ ಸರಿ, ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಪ್ರೋಟೀನೂ ಸುಣ್ಣದ ಅಂಶವೂ ಸಾಲುವುದಿಲ್ಲ. ನಾನು ದುಬಾರಿಯೆಂದು ಬೈಯುವ ವಿಶೇಷ ಆಹಾರವೂ, ಅದರ ಪ್ರೋಟೀನನ್ನು ಅಲರ್ಜಿ ಕೆರಳದಷ್ಟು ಸಣ್ಣದಾಗಿ ಒಡೆದಿರುವುದರಿಂದ, ಕೆಲವು ನಾಯಿಗಳಿಗೆ ನಿಜವಾಗಿಯೂ ಬೇಕಾಗುತ್ತದೆ.

ಆದ್ದರಿಂದ ವರ್ಷಕ್ಕೊಮ್ಮೆ ಆ 50 ಪೌಂಡನ್ನು ನಾನು ಗೊಣಗದೆ ಕೊಡುತ್ತೇನೆ. ಮಲದಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ, ಬಾಲದಡಿ ಒಂದು ಬದಿ ಕೆಂಪಗೆ ಊದಿಕೊಂಡರೆ ಆ ದಿನವೇ ಓಡುತ್ತೇನೆ, ಆಗ ಉಳಿತಾಯದ ಯೋಚನೆ ಮಾಡುವುದಿಲ್ಲ. ಉಳಿದ ದಿನಗಳಿಗೆ ಮಾತ್ರ ಇಲ್ಲಿನ ವೈದ್ಯರಿಂದ ನನ್ನ ಬೇಡಿಕೆ ಇಷ್ಟೇ: ಹದಿನೈದು ನಿಮಿಷದಲ್ಲಿ ಐದು ನಿಮಿಷವನ್ನು ನಾಯಿ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿತು ಎಂದು ಕೇಳುವುದಕ್ಕೆ ಕೊಡಿ, ಮತ್ತು ನಾವು ಗೋಡೆಯಿಂದ ಕಿತ್ತು ತಂದ ಹಾಳೆಯನ್ನು ಒಮ್ಮೆ ಓದಿ.