ಒಳಗಿನ ಟೈರು

ಅಡಿಕೆ ಸಿಪ್ಪೆ ಸುಡುವ ವಾಸನೆಯೇ ಬೇರೆ, ಟೈರು ಸುಡುವ ವಾಸನೆಯೇ ಬೇರೆ. ಇದು ನನಗೆ ಗೊತ್ತಾಗಿದ್ದು ಮಂಡಗದ್ದೆ ಹತ್ತಿರ, ರಾತ್ರಿ ಒಂಬತ್ತು ಗಂಟೆಗೆ, ‘ಢಂ’ ಅಂತ ಶಬ್ದ ಆದ ಮೇಲೆ.

ನಾನೂ ಭಾವನೂ ಪಾಲಿನ ಮೇಲೆ ಕೊಂಡ ಒಂದು ಹಳೇ ಟಾಟಾ 407 ಲಾರಿ ಇದೆ. ಊರವರ ಬಾಯಲ್ಲಿ ಫೋರ್ ನಾಟ್ ಸೆವೆನ್. ಈ ಗಾಡಿ ಮೊದಲು ರಸ್ತೆಗೆ ಬಂದಿದ್ದು 1986ರಲ್ಲಿ. ನಮ್ಮದು 1998ರದ್ದು. ವಯಸ್ಸಿನಲ್ಲಿ ನನಗಿಂತ ಚಿಕ್ಕದು, ಬೆಳಿಗ್ಗೆ ಏಳುವಾಗಿನ ಕೆಮ್ಮು ಮಾತ್ರ ಇಬ್ಬರದೂ ಒಂದೇ. ಅಡಿಕೆ ಸುಲಿಯುವ ಮೆಷಿನ್ನನ್ನು ಟ್ರಾಲಿ ಮೇಲೆ ಕೂರಿಸಿ, ಟ್ರಾಲಿಯನ್ನು ಇದರ ಹಿಂದಿನ ಹುಕ್ಕಿಗೆ ಸಿಕ್ಕಿಸಿಕೊಂಡು ಮನೆಮನೆಗೆ ಹೋಗಿ ಸುಲಿದುಕೊಡುವುದು ನಮ್ಮ ಕೆಲಸ. ಮೊದಲೆಲ್ಲ ರಾತ್ರಿಯಿಡೀ ಮೆಟ್ಟುಗತ್ತಿ ಮುಂದೆ ಹತ್ತು ಜನ ಕೂತು ಸುಲಿಯುತ್ತಿದ್ದರು. ಅಡಿಕೆಯ ಜೊತೆ ಊರವರ ಸಿಪ್ಪೆಯೂ ಹೋಗುತ್ತಿತ್ತು. ಈಗ ಮೆಷಿನ್ ಗಲಾಟೆಯಲ್ಲಿ ಯಾರ ಸುದ್ದಿಯೂ ಯಾರಿಗೂ ಕೇಳುವುದಿಲ್ಲ. ಅದೊಂದು ನಷ್ಟವೇ.

407ಕ್ಕೆ ಮುಂದೆ ಎರಡು ಟೈರು, ಹಿಂದೆ ನಾಲ್ಕು. ಹಿಂದಿನದ್ದು ಆ ಕಡೆ ಒಂದು ಜೋಡಿ, ಈ ಕಡೆ ಒಂದು ಜೋಡಿ. ಜೋಡಿಯಲ್ಲಿ ಹೊರಗಿನ ಟೈರನ್ನು ಎಲ್ಲರೂ ನೋಡುತ್ತಾರೆ. ಒದೆಯುವವರು ಅದನ್ನೇ ಒದೆಯುತ್ತಾರೆ, ಆಯುಧಪೂಜೆಗೆ ಕುಂಕುಮ ಹಚ್ಚುವವರು ಅದಕ್ಕೇ ಹಚ್ಚುತ್ತಾರೆ. ಒಳಗಿನದ್ದು ಕತ್ತಲಲ್ಲಿ ನಿಂತು ಸುಮ್ನೆ ಭಾರ ಹೊರುತ್ತದೆ.

ಹೋದ ಸುಗ್ಗಿಗೆ ಮುಂಚೆ ಎಡಗಡೆಯ ಹೊರ ಟೈರು ಪೂರ್ತಿ ಬೋಳಾಗಿತ್ತು. ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಟೈರು ಸಿಕ್ಕಿತು. ಅಂಗಡಿಯವನು ಅದರ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳ, ಸಂದಿಗೆ ಬೆರಳು ತೂರಿಸಿ ತೋರಿಸಿದ. ಅರ್ಧ ಉಗುರು ಮುಳುಗಿತು.

“ನೋಡಿ ಸರ್, ಎಷ್ಟು ಬಟನ್ ಇದೆ! ಓಡಿಯೇ ಇಲ್ಲ.”

ಓಡಿಯೇ ಇಲ್ಲ ಅನ್ನುವುದು ನಿಜ. ಯಾಕೆ ಓಡಿಲ್ಲ, ಎಷ್ಟು ವರ್ಷದಿಂದ ಓಡಿಲ್ಲ ಅಂತ ನಾನು ಕೇಳಲಿಲ್ಲ. ಭಾವನೂ ಕೇಳಲಿಲ್ಲ. ಅವನು ಆಗ ಎದುರಿನ ಹೋಟೆಲಿನ ಬೋಂಡಾದ ಬಟ್ಟಲು ನೋಡುತ್ತಿದ್ದ. ಆ ಟೈರನ್ನು ತಂದು ಹೊರಗಡೆ ಹಾಕಿದೆವು. ಒಳಗಿನದ್ದೂ ಸವೆದಿತ್ತು. ಅದನ್ನು ಯಾರು ನೋಡುತ್ತಾರೆ ಅಂತ ಹಾಗೇ ಬಿಟ್ಟೆವು.

ಆ ರಾತ್ರಿ ಒಂದು ಮನೆಯ ಸುಲಿತ ಮುಗಿಸಿ, ಹತ್ತಾರು ಚೀಲ ಅಡಿಕೆಯನ್ನೂ ಗಾಡಿ ಮೇಲೆ ಹಾಕಿಕೊಂಡು, ಹಿಂದೆ ಟ್ರಾಲಿ ಎಳೆದುಕೊಂಡು ತೀರ್ಥಹಳ್ಳಿ ಕಡೆ ಬರುತ್ತಿದ್ದೆವು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಪಕ್ಕ ಅಡಿಕೆ ಸಿಪ್ಪೆ ಗುಡ್ಡೆ ಗುಡ್ಡೆ ಸುರಿದು ಬೆಂಕಿ ಹಾಕಿರುತ್ತಾರೆ. ಅದು ಉರಿಯುವುದಿಲ್ಲ, ಆರುವುದೂ ಇಲ್ಲ. ವಾರಗಟ್ಟಲೆ ಹೊಗೆ ಬಿಡುತ್ತಾ ಕೂತಿರುತ್ತದೆ.

“ಎಂತದೋ ಸುಟ್ಟ ವಾಸನೆ ಅಲ್ವನಾ ಭಾವ?” ಅಂದೆ.

“ಸಿಪ್ಪೆ ಮಾರಾಯ. ಹಸಿ ಸಿಪ್ಪೆಗೆ ಬೆಂಕಿ ಹಾಕಿದಾರೆ. ಗ್ಲಾಸ್ ಏರಿಸು.”

ಗ್ಲಾಸ್ ಏರಿಸಿದೆ. ಎರಡು ಕಿಲೋಮೀಟರ್ ಕಳೆದರೂ ಅದೇ ವಾಸನೆ.

“ಈ ಸಲ ಸಿಪ್ಪೆ ಜಾಸ್ತಿ,” ಅಂದ ಭಾವ. “ಫಸಲು ಚೆನ್ನಾಗಿದೆ.”

ಫಸಲಿನ ಬಗ್ಗೆ ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಢಂ.

ಇಳಿದು ಟಾರ್ಚ್ ಬಿಟ್ಟು ನೋಡಿದರೆ ಹೊರ ಟೈರಿನ ಹೊಟ್ಟೆ ಸೀಳಿತ್ತು. ಅದರ ಹಿಂದೆ, ಕತ್ತಲಲ್ಲಿ, ಒಳ ಟೈರು ಸುಟ್ಟ ಅಕ್ಕಿರೊಟ್ಟಿಯ ಹಾಗೆ ಮಡಚಿಕೊಂಡು ಹೊಗೆಯಾಡುತ್ತಿತ್ತು. ಗಾಳಿ ಹೋಗಿದ್ದು ಅದರದ್ದು. ಯಾವಾಗ ಹೋಯಿತೋ ದೇವರಿಗೇ ಗೊತ್ತು. ಜೋಡಿಯಲ್ಲಿ ಒಂದು ಮಲಗಿದರೂ ಇನ್ನೊಂದು ನಿಂತಿರುತ್ತದೆ, ಗಾಡಿ ವಾಲುವುದೂ ಗೊತ್ತಾಗುವುದಿಲ್ಲ. ಇಬ್ಬರ ಭಾರವನ್ನು ಒಬ್ಬನೇ ಹೊತ್ತು, ಕಾದು, ಅದೂ ಸಿಡಿಯಿತು.

ಜಾಕ್ ಹಾಕಿದೆವು. ಗಾಡಿ ಮೇಲೆ ಏರಲಿಲ್ಲ, ಜಾಕ್ ಮಣ್ಣೊಳಗೆ ಇಳಿಯಿತು. ಅಡಿಗೆ ಅಡಿಕೆ ದಬ್ಬೆ ಕೊಟ್ಟೆವು, ಅದು ‘ಕರಕ್’ ಅಂದಿತು. ಕೊನೆಗೆ ಹತ್ತಿರದ ಮನೆಯವರು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹಾಸುಗಲ್ಲನ್ನೇ ಎತ್ತಿಕೊಂಡು ಬಂದರು. ಕೆಟ್ಟದ್ದು ಎರಡು ಟೈರು, ನಮ್ಮ ಹತ್ತಿರ ಇದ್ದದ್ದು ಒಂದೇ ಸ್ಟೆಪ್ನಿ. ಅದೂ ನನ್ನ ತಲೆಯಷ್ಟೇ ನುಣ್ಣಗಿತ್ತು. ಚೀಲಗಳನ್ನೂ ಟ್ರಾಲಿಯನ್ನೂ ಆ ಮನೆಯ ಅಂಗಳದಲ್ಲೇ ಬಿಟ್ಟು, ಎಡಗಡೆ ಒಂಟಿ ಟೈರಿನಲ್ಲಿ ಮೆಲ್ಲಗೆ ಮನೆ ಸೇರಿದೆವು. ಹೊರಡುವಾಗ ಆ ಯಜಮಾನರು ಬಹಳ ಸಂಕೋಚದಿಂದ, “ಹೆಂಗೂ ಮೆಷಿನ್ ಇಲ್ಲೇ ಇರ್ತದಲ್ಲ ಮಾರಾಯ್ರೇ, ನಮ್ದೂ ಒಂದು ಇಪ್ಪತ್ತು ಚೀಲ ಉಂಟು” ಅಂದರು. ಹಾಸುಗಲ್ಲು ಹೊತ್ತು ತಂದವರಿಗೆ ಇಲ್ಲ ಅನ್ನುವುದು ಹೇಗೆ?

ಮರುದಿನ ಭಾವನ ತಲೆಗೆ ಒಂದು ಉಪಾಯ ಬಂತು. ಬಲಗಡೆಯ ಜೋಡಿಯಿಂದ ಒಂದನ್ನು ತೆಗೆದು ಎಡಕ್ಕೆ ಹಾಕಿ, ಎರಡೂ ಕಡೆಗೆ ಒಂದೊಂದೇ ಟೈರು ಹೊಸದು ತಂದರಾಯಿತು. ನಾಲ್ಕರ ಖರ್ಚು ಎರಡಕ್ಕೆ ಇಳಿಯುತ್ತದೆ. ಆದರೆ ಹಳೆಯದೂ ಹೊಸದೂ ಜೊತೆಗೆ ಕೂಡುತ್ತದೋ ಇಲ್ಲವೋ ಅಂತ ಶಿವಮೊಗ್ಗದ ಟೈರಿನ ಹುಡುಗನಿಗೆ ಫೋನ್ ಮಾಡಿದೆ. ಅವನು, “ಜೋಡಿ ಟೈರಿನ ಎತ್ತರದಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಸರ್, ಸುತ್ತಳತೆಯಲ್ಲಿ ಮುಕ್ಕಾಲು ಇಂಚು. ಅಳೆದು ಬನ್ನಿ” ಅಂದ.

ಎತ್ತರದವನೂ ಗಿಡ್ಡನೂ ಒಂದೇ ಅಡ್ಡೆಗೆ ಹೆಗಲು ಕೊಟ್ಟರೆ ಏನಾಗುತ್ತದೆ? ಭಾರವೆಲ್ಲ ಎತ್ತರದವನ ಹೆಗಲಿಗೆ. ಗಿಡ್ಡ ಸುಮ್ನೆ ಜೊತೆಗೆ ನಡೆಯುತ್ತಾನೆ. ಟೈರಿನಲ್ಲಿ ಇನ್ನೂ ಒಂದು ತಾಪತ್ರಯ. ಎರಡನ್ನೂ ಚಕ್ರದ ನಡುವಿನ ಒಂದೇ ಹಬ್ಬಿಗೆ ಬೋಲ್ಟ್ ಹಾಕಿ ಬಿಗಿದಿರುವುದರಿಂದ ಸುತ್ತು ಇಬ್ಬರದೂ ಸಮ. ಚಿಕ್ಕ ಟೈರು ಅಷ್ಟೇ ಸುತ್ತಿನಲ್ಲಿ ಅಷ್ಟು ದೂರ ಹೋಗಲಾರದೆ ರಸ್ತೆ ಮೇಲೆ ಉಜ್ಜಿಕೊಂಡು ಸವೆಯುತ್ತದೆ.

ಹೆಂಡತಿಯ ಹೊಲಿಗೆ ಟೇಪು ತಂದು ಟೈರಿಗೆ ಸುತ್ತಿದೆ. ಟೇಪು ಅರವತ್ತು ಇಂಚಿಗೆ ಮುಗಿಯಿತು, ಟೈರು ಮುಗಿಯಲಿಲ್ಲ. ಬಾಳೆನಾರು ಸುತ್ತಿದೆವು. ನಾನು ಎಳೆದರೆ ತೊಂಬತ್ತೊಂಬತ್ತು ಇಂಚು, ಭಾವ ಎಳೆದರೆ ತೊಂಬತ್ತೇಳು. ಅವನು ಎರಡು ಇಂಚು ಜಾಸ್ತಿ ಊಟ ಮಾಡುತ್ತಾನೆ, ಒಪ್ಪಬೇಕು. ಕೊನೆಗೆ ಹೆಂಡತಿಯೇ ಬಂದು, ಟೈರಿನ ಮೇಲೆ ಸುಣ್ಣದ ಗುರುತು ಹಾಕಿ ಅಂಗಳದಲ್ಲಿ ಒಂದು ಸುತ್ತು ಉರುಳಿಸಿ, ಎರಡು ಗುರುತಿನ ಮಧ್ಯೆ ಅಳೆದಳು. ಒಂದಕ್ಕೂ ಇನ್ನೊಂದಕ್ಕೂ ಮೂರು ಇಂಚು ಅಂತರ. ಟೇಪಿಗೆ ಮೆತ್ತಿದ ಕೆಸರನ್ನು ಅವಳು ಒರೆಸಿಕೊಂಡ ರೀತಿಯಲ್ಲೇ ನನಗೆ ಬಯ್ಯುವುದೆಲ್ಲ ಮುಗಿದುಹೋಗಿತ್ತು.

ಹಾಗಾಗಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೊರಟೆವು. ಸಿಡಿದ ಟೈರನ್ನೂ ಒಯ್ದಿದ್ದೆವು. ಹುಡುಗ ಅದನ್ನು ಕಂಡವನೇ ಕಾಲಿನಲ್ಲಿ ತಿರುಗಿಸಿ, ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಒತ್ತಿದ್ದ ನಾಲ್ಕು ಅಂಕಿ ತೋರಿಸಿದ. 2314.

“23ನೇ ವಾರ, 2014ನೇ ಇಸವಿ. ಇದು ಹುಟ್ಟಿದ ದಿನಾಂಕ ಸರ್.”

2014ರ ಜೂನ್. ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲೂ ಶಿವಮೊಗ್ಗ ಆಗಿದ್ದು ಅದೇ ವರ್ಷ ನವೆಂಬರ್ 1ಕ್ಕೆ. ಅಂದರೆ ಬೋರ್ಡಿನಲ್ಲಿ ಇನ್ನೂ ಶಿಮೊಗ್ಗ ಅಂತಿದ್ದಾಗ ಹುಟ್ಟಿದ ಟೈರಿಗೆ ನಾನು ಓಡದ ಟೈರು ಅಂತ ದುಡ್ಡು ಕೊಟ್ಟಿದ್ದೆ. ಬಟನ್ ಎಷ್ಟೇ ಇರಲಿ, ಹತ್ತು ವರ್ಷ ದಾಟಿದ ಟೈರನ್ನು ತೆಗೆದುಬಿಡಿ ಅಂತ ಟೈರು ಮಾಡುವವರೇ ಹೇಳುತ್ತಾರಂತೆ. ರಬ್ಬರು ಒಣಗುತ್ತದೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ನಮ್ಮಂಥ ಗಾಡಿಗೆ ಇದು ಇನ್ನೂ ಮುಖ್ಯ. ವರ್ಷಕ್ಕೆ ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಹಲಸಿನ ಮರದ ಕೆಳಗೆ ನಿಲ್ಲುವ ಗಾಡಿಯ ಟೈರು ಸವೆದು ಸಾಯುವುದಿಲ್ಲ, ಕೂತು ಸಾಯುತ್ತದೆ.

ಭಾವ ಬೇಸಾಯದ ಜೊತೆಗೆ ಗಂಡು ಹೆಣ್ಣು ಕೂಡಿಸುವ ಕೆಲಸವನ್ನೂ ಮಾಡುತ್ತಾನೆ. ಹುಡುಗ ಜೋಡಿ ಟೈರಿನ ನಿಯಮ ಹೇಳುತ್ತಾ ಹೋದ ಹಾಗೆ ಅವನ ಮುಖ ಅರಳಿತು. ಅಳತೆ ಒಂದೇ ಇರಬೇಕು, ನಮ್ಮದು 7.50-16. ಕಂಪನಿ ಒಂದೇ ಆದರೆ ಒಳ್ಳೇದು. ಒಳಗಿನ ದಾರದ ಪದರಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಕಿದ್ದು ನೈಲಾನು, ನೇರ ಅಡ್ಡಕ್ಕೆ ಹಾಯಿಸಿದ್ದು ರೇಡಿಯಲ್ಲು. ನೈಲಾನಿಗೆ ನೈಲಾನೇ, ರೇಡಿಯಲ್ಲಿಗೆ ರೇಡಿಯಲ್ಲೇ. ಒಂದೇ ಜೋಡಿಯಲ್ಲಿ ಎರಡನ್ನೂ ಕಲಸುವ ಹಾಗೇ ಇಲ್ಲ.

“ಹಂಗಾರೆ ಮದುವೆಗೆ ಸಗೋತ್ರ ಆಗಬಾರದು, ಟೈರಿಗೆ ಸಗೋತ್ರವೇ ಆಗಬೇಕು,” ಅಂದ ಭಾವ. ಅಲ್ಲಿಂದ ಮುಂದೆ ವ್ಯಾಪಾರ ಪೂರ್ತಿ ಅವನ ಕೈಗೆ ಹೋಯಿತು. ಪ್ರತಿ ಟೈರಿನ ಹುಟ್ಟಿದ ವಾರ ಕೇಳಿದ. ಒಂದರದ್ದು ಮೂರು ವಾರ ಹಿಂದು ಮುಂದು ಇದ್ದದ್ದಕ್ಕೆ ಹುಬ್ಬು ಗಂಟಿಕ್ಕಿದ. ಹುಡುಗ, “ಅಷ್ಟೆಲ್ಲ ನೋಡಬೇಕಾಗಿಲ್ಲ ಸರ್” ಅಂದರೆ, “ನೋಡದೇ ಮಾಡಿದ್ದಕ್ಕೇ ಮಂಡಗದ್ದೆಯಲ್ಲಿ ಆಗಿದ್ದು” ಅಂತ ಬಾಯಿ ಮುಚ್ಚಿಸಿದ.

ಟೈರಿನ ಪಕ್ಕದಲ್ಲಿ ಇನ್ನೊಂದು ಬರಹ ಇತ್ತು. 122/121. ಗೀಟಿನ ಮೊದಲಿನದು ಟೈರು ಒಂಟಿಯಾಗಿದ್ದಾಗ ಹೊರುವ ಭಾರದ ಲೆಕ್ಕ, ನಂತರದ್ದು ಜೋಡಿಯಲ್ಲಿದ್ದಾಗಿನದು. 122 ಅಂದರೆ 1500 ಕೆಜಿ, 121 ಅಂದರೆ 1450. ಜೋಡಿಯಾದರೆ ಬಲ ಹೆಚ್ಚಬೇಕಿತ್ತಲ್ಲ, ಐವತ್ತು ಕೆಜಿ ಯಾಕೆ ಕಮ್ಮಿ ಅಂತ ಕೇಳಿದೆ. ಎರಡೂ ಯಾವತ್ತೂ ಸಮನಾಗಿ ಹೊರುವುದಿಲ್ಲ ಸರ್, ರಸ್ತೆ ಉಬ್ಬು ತಗ್ಗು ಇರ್ತದೆ, ಅದಕ್ಕೇ ಸ್ವಲ್ಪ ಕಡಿಮೆ ಮಾಡಿ ಬರೆಯೋದು ಅಂದ. ಭಾವ ಅವನ ಬೆನ್ನು ತಟ್ಟಿದ. ಇಪ್ಪತ್ತು ವರ್ಷದಿಂದ ತಾನು ಕೂಡಿಸಿದ ಜೋಡಿಗಳಿಗೆ ಇದನ್ನೇ ಹೇಳಬೇಕಿತ್ತು, ಮಾತು ಸಿಕ್ಕಿರಲಿಲ್ಲ ಅಂದ.

ಟ್ರಾಲಿ ಎಳೆಯುತ್ತೇವೆ ಅಂದಾಗ ಹುಡುಗ ಅದರ ತೂಕ ಕೇಳಿದ. ಮೆಷಿನ್, ಇಂಜಿನ್ ಸೇರಿ ಒಂದೂವರೆ ಟನ್ ಅಂದೆವು. ಅದರ ಹತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 150 ಕೆಜಿ, ಟ್ರಾಲಿಯ ಮೂತಿಯಿಂದ ಹುಕ್ಕಿನ ಮೇಲೆ ಒತ್ತುತ್ತದೆ. ಅದೆಲ್ಲ ಹಿಂದಿನ ಟೈರುಗಳ ತಲೆಗೇ. ನಾವು ಅಡಿಕೆ ಚೀಲವನ್ನೂ ಲೆಕ್ಕ ಹಾಕಿರಲಿಲ್ಲ, ಮೂತಿಯನ್ನೂ ಲೆಕ್ಕ ಹಾಕಿರಲಿಲ್ಲ. ಭಾವನನ್ನು ಲೆಕ್ಕ ಹಾಕಿದ್ದರೆ ಆ ಚೀಲಗಳನ್ನು ಹೇರುತ್ತಲೇ ಇರಲಿಲ್ಲ.

ರೇಡಿಯಲ್ಲೋ ನೈಲಾನೋ ಅನ್ನುವುದಕ್ಕೆ ಮಾತ್ರ ನಾವಿಬ್ಬರೂ ಜಗಳ ಆಡಿದೆವು. ರೇಡಿಯಲ್ ಬಿಸಿಯಾಗುವುದು ಕಡಿಮೆ, ಡೀಸೆಲ್ಲೂ ಉಳಿಯುತ್ತದೆ. ನಿಜ. ಆದರೆ ದಿನಾ ಬೆಂಗಳೂರಿಗೆ ಓಡುವವರಿಗೆ ಅದು. ನಮಗೆ ಇರುವುದು ತೋಟದ ದಾರಿ, ನೀರು ಹರಿಯುವ ಕಾದಿಗೆ, ಜಂಬಿಟ್ಟಿಗೆ ಕಲ್ಲಿನ ಚೂಪು. ರೇಡಿಯಲ್ಲಿನ ಪಕ್ಕದ ಗೋಡೆ ತೆಳ್ಳಗೆ, ಕಲ್ಲು ತಾಗಿದರೆ ಕಷ್ಟ. ನೈಲಾನು ಎಮ್ಮೆ ಚರ್ಮ. ನಾನು ನೈಲಾನಿನ ಪರ, ಈಗಲೂ. ಮುಂದಕ್ಕೆ ಗೀರಿನ ಟೈರು, ಹಿಂದಕ್ಕೆ ಕೆಸರು ಕಚ್ಚುವ ದಪ್ಪ ಬಟನ್. ಟಾರು ರಸ್ತೆಯಲ್ಲಿ ಅದು ಹೆಜ್ಜೇನಿನ ಹಾಗೆ ಗುಂಯ್‌ಗುಡುತ್ತದೆ. ಭಾವ ಆ ಸದ್ದಿಗೆ ಚೆನ್ನಾಗಿ ನಿದ್ದೆ ಮಾಡುತ್ತಾನೆ.

ಆರು ಟೈರು, ಆರು ಟ್ಯೂಬು, ಟ್ಯೂಬು ರಿಮ್ಮಿಗೆ ಉಜ್ಜದ ಹಾಗೆ ನಡುವೆ ಹಾಕುವ ಆರು ಫ್ಲ್ಯಾಪು. ನಮ್ಮ ಮನೆಯ ಒಂದು ಕ್ವಿಂಟಲ್ ರಾಶಿ ಅಡಿಕೆ ಅಲ್ಲೇ ಕರಗಿತು. ಒಳ ಟೈರಿನ ಗಾಳಿ ನೋಡಲು ಕೈ ಹೋಗುವುದಿಲ್ಲವಲ್ಲ, ಅದರ ವಾಲ್ವಿಗೆ ಉದ್ದದ ನಳಿಗೆಯೊಂದನ್ನೂ ಹಾಕಿಸಿದೆವು. ಲೀವರಿನಲ್ಲಿ ಟೈರಿಗೆ ಬಡಿದು ನೋಡುವ ವಿದ್ಯೆಯನ್ನು ನಾನು ಮೊದಲೇ ಕಲಿತಿದ್ದೆ. ಗಾಳಿ ಇದ್ದರೆ ‘ಠಣ್’ ಅಂತ ಲೀವರು ಹಾರುತ್ತದೆ, ಇಲ್ಲದಿದ್ದರೆ ‘ಧಬ್’. ಆದರೆ ಅರ್ಧ ಗಾಳಿ ಹೋದ ಟೈರೂ ಠಣ್ ಅನ್ನುತ್ತದಂತೆ. ಅಲ್ಲಿಗೆ ಆ ವಿದ್ಯೆಯೂ ಹೋಯಿತು. ಆದರೂ ದಿನಾ ಬೆಳಿಗ್ಗೆ ಬಡಿಯುತ್ತೇನೆ. “ಅಷ್ಟು ಬಡಿದರೂ ಬಾಗಿಲು ತೆಗೀಲಿಲ್ವಾ?” ಅಂತ ಅಡುಗೆ ಮನೆಯಿಂದ ದನಿ ಬರುತ್ತದೆ.

ಹೊಸ ಟೈರಿಗೆ ಪೂಜೆ ಆಗಬೇಕಲ್ಲ. ನಿಂಬೆಹಣ್ಣು ಎಷ್ಟು ಅನ್ನುವುದು ಪ್ರಶ್ನೆ. ಭಾವ ನಾಲ್ಕು ಅಂದ. “ಜೋಡಿಗೆ ಒಂದೇ ಸಾಕು, ದಂಪತಿ ಲೆಕ್ಕ.” ನಾನು ಒಪ್ಪಲಿಲ್ಲ. ಒಳಗಿನದನ್ನು ಬಿಟ್ಟಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಪಂಚೆ ಮೇಲೆ ಕಟ್ಟಿ, ಗಾಡಿಯಡಿಗೆ ತೆವಳಿಕೊಂಡು ಹೋಗಿ ಒಳ ಟೈರುಗಳ ಮುಂದೂ ಒಂದೊಂದು ಇಟ್ಟು ಬಂದೆ. ಗಾಡಿ ಮುಂದೆ ಹೋಯಿತು. ಐದು ಸಲ ‘ಪಚಕ್’ ಅಂದಿತು. ಆರನೆಯದು ಅನ್ನಲಿಲ್ಲ. ಮತ್ತೆ ಬಗ್ಗಿ ನೋಡಿದರೆ, ಉರುಳಿಕೊಂಡು ಬಂದು ಜೋಡಿ ಟೈರಿನ ಸಂದಿಯಲ್ಲಿ ಸುಖವಾಗಿ ಕೂತಿದೆ. ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಎರಡೂ ಟೈರನ್ನು ತಿನ್ನುತ್ತದೆ, ಮರೆಯದೆ ನೋಡಿ ತೆಗೆಯಿರಿ ಅಂತ ಹುಡುಗ ಹೇಳಿದ್ದ. ನಿಂಬೆಹಣ್ಣಿನ ಬಗ್ಗೆ ಏನೂ ಹೇಳಿರಲಿಲ್ಲ. ಕೋಲಿನಿಂದ ಎಬ್ಬಿಸಿ ತೆಗೆದೆ. ಮಧ್ಯಾಹ್ನದ ಸಾರಿಗೆ ಅದನ್ನೇ ಹಿಂಡಿದ್ದಾಗಿ ಆಮೇಲೆ ತಿಳಿಯಿತು.

ಸಂಜೆ ಮಂಡಗದ್ದೆಗೆ ಹೋಗಿ, ಆ ಯಜಮಾನರ ಇಪ್ಪತ್ತು ಚೀಲ ಸುಲಿದುಕೊಟ್ಟು, ಟ್ರಾಲಿ ಸಿಕ್ಕಿಸಿದೆವು. ಭಾವ ಜೇಬಿನಿಂದ ಇನ್ನೆರಡು ನಿಂಬೆಹಣ್ಣು ತೆಗೆದ. “ಟ್ರಾಲಿಗೂ ಎರಡು ಟೈರು ಉಂಟಲ್ಲ ಭಾವ. ಅದನ್ನ ನೋಡಿದ್ಯನಾ?”

ನೋಡಿರಲಿಲ್ಲ. ಟ್ರಾಲಿ ಕೊಂಡಾಗಿನಿಂದಲೂ ನೋಡಿರಲಿಲ್ಲ. ಟಾರ್ಚ್ ಹಿಡಿದು ಕೂತು, ಹೆಬ್ಬೆರಳಿನಿಂದ ಕೆಸರು ಒರೆಸಿದೆ. ನಾಲ್ಕು ಅಂಕಿ ಕಂಡವು. ಕೊನೆಯ ಎರಡು 09.

“ಎಷ್ಟು?” ಅಂದ ಭಾವ.

“ಕತ್ತಲು, ಸರಿಯಾಗಿ ಕಾಣಲ್ಲ,” ಅಂದೆ. ಅವನು ಆಚೆ ತಿರುಗಿದಾಗ ಕೆಸರನ್ನು ಮತ್ತೆ ಅಲ್ಲೇ ಬಳಿದೆ.